ಊರಲ್ಲಿ ನೆಲೆಸಿ ಮತ್ತೆ ಅಮೆರಿಕಕ್ಕೆ: ಮೆಡಿಕೇರ್‌ನಲ್ಲಿ ದಂಡಕ್ಕಿಂತ ಕಾಯುವುದೇ ಕಷ್ಟ

ಅಮೆರಿಕದಲ್ಲಿ ದಶಕಗಟ್ಟಲೆ ದುಡಿದು, ನಿವೃತ್ತಿಯ ನಂತರ ಮೈಸೂರು, ಧಾರವಾಡ, ಮಂಗಳೂರು, ಬೆಂಗಳೂರಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಎರಡು ಸುದ್ದಿಗಳು ತಲೆಬಿಸಿ ತಂದಿವೆ. ಮೊದಲನೆಯದು, 2025ರ ಜುಲೈ 4ರಂದು ಸಹಿಯಾದ ಅಮೆರಿಕದ ಹೊಸ ಕಾನೂನು. 65 ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಯಾರಿಗೆ ಸಿಗಬೇಕು ಎಂಬುದನ್ನು ಅದು ಬಿಗಿಗೊಳಿಸಿದೆ. ಎರಡನೆಯದು, ಮೆಡಿಕೇರ್‌ನಲ್ಲಿ ವೈದ್ಯರ ಶುಲ್ಕ, ಹೊರರೋಗಿ ಚಿಕಿತ್ಸೆ ನೋಡಿಕೊಳ್ಳುವ ಪಾರ್ಟ್ ಬಿ ಎಂಬ ಭಾಗದ ಪ್ರೀಮಿಯಂ 2026ರಲ್ಲಿ ಮೊದಲ ಬಾರಿಗೆ ತಿಂಗಳಿಗೆ 200 ಡಾಲರ್ ದಾಟಿದೆ. 2025ರಲ್ಲಿ 185 ಡಾಲರ್ ಇದ್ದದ್ದು ಈಗ 202.90 ಡಾಲರ್.

ಈ ಸುದ್ದಿಗಳ ಹಿಂದೆಯೇ ಎರಡು ಪ್ರಶ್ನೆಗಳು ಏಳುತ್ತವೆ. ಭಾರತದಲ್ಲಿ ಒಂದು ಪೈಸೆಯ ಉಪಯೋಗಕ್ಕೂ ಬಾರದ ವಿಮೆಗೆ ಪ್ರತಿ ತಿಂಗಳೂ ಇಷ್ಟು ಹಣ ಕಟ್ಟುತ್ತಾ ಇರಬೇಕೇ? ಕಟ್ಟದೆ ಬಿಟ್ಟರೆ, ಮುಂದೆ ವಯಸ್ಸಾಗಿ ಮಕ್ಕಳ ಬಳಿಗೆ ಅಮೆರಿಕಕ್ಕೆ ವಾಪಸಾದಾಗ ಸೇರಿಸಿಕೊಳ್ಳುತ್ತಾರೆಯೇ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ಉತ್ತರ ಯಾವುದರ ಮೇಲೆ ನಿಂತಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಬಹುದು.

ಹೊಸ ಕಾನೂನು ಯಾರನ್ನು ಮುಟ್ಟುತ್ತದೆ?

ಅಮೆರಿಕದ ಪೌರತ್ವ ಪಡೆದವರಿಗೂ ಗ್ರೀನ್ ಕಾರ್ಡ್ ಇರುವವರಿಗೂ 2025ರ ಕಾನೂನಿನಿಂದ ಮೆಡಿಕೇರ್ ಅರ್ಹತೆ ತಪ್ಪುವುದಿಲ್ಲ. ಕ್ಯೂಬಾ ಮತ್ತು ಹೈಟಿಯಿಂದ ಬಂದ ಒಂದು ವರ್ಗ, ಅಮೆರಿಕದೊಂದಿಗೆ ವಿಶೇಷ ಒಪ್ಪಂದವಿರುವ ಪೆಸಿಫಿಕ್ ದ್ವೀಪರಾಷ್ಟ್ರಗಳ ಜನ ಇವರೂ ಉಳಿದುಕೊಳ್ಳುತ್ತಾರೆ. ಇವರನ್ನು ಬಿಟ್ಟು, ನಿರಾಶ್ರಿತರು ಅಥವಾ ಆಶ್ರಯ ಪಡೆದವರಂಥ ಬೇರೆ ಬಗೆಯ ಕಾನೂನುಬದ್ಧ ವಾಸಿಗಳಿಗೆ ಬಾಗಿಲು ಮುಚ್ಚುತ್ತದೆ. ಈಗಾಗಲೇ ಮೆಡಿಕೇರ್ ಪಡೆಯುತ್ತಿರುವ ಅಂಥವರಿಗೆ ಕಾನೂನು ಕೊಟ್ಟಿರುವ ಅವಧಿ ಸಹಿಯಾದ ದಿನದಿಂದ 18 ತಿಂಗಳು. ಅಂದರೆ 2027ರ ಜನವರಿ ಆರಂಭದವರೆಗೆ.

ಊರಿಗೆ ಮರಳಿದ ಬಹುಪಾಲು ಕನ್ನಡಿಗ ನಿವೃತ್ತರು ಅಮೆರಿಕದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಮೇಲೆ ಇಲ್ಲಿರುವವರು. ಅವರನ್ನು ಈ ಕಾನೂನು ತಟ್ಟುವುದಿಲ್ಲ. ಅವರನ್ನು ನಿಜಕ್ಕೂ ತಟ್ಟುವುದು ಹಳೆಯ ನಿಯಮಗಳೇ. ಹೊಸ ಸುದ್ದಿಯ ಗದ್ದಲದಲ್ಲಿ ಅವು ಮರೆಗೆ ಸರಿದಿವೆ.

ಕಾರ್ಡಿನ ಮೇಲಿನ ಎರಡು ಸಾಲು

ಕೆಂಪು-ಬಿಳಿ-ನೀಲಿ ಬಣ್ಣದ ಮೆಡಿಕೇರ್ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಹೆಸರು, ಸಂಖ್ಯೆಗಳ ಕೆಳಗೆ ಎರಡು ಸಾಲಿಗೆ ಜಾಗವಿದೆ: ‘ಹಾಸ್ಪಿಟಲ್, ಪಾರ್ಟ್ ಎ’ ಮತ್ತು ‘ಮೆಡಿಕಲ್, ಪಾರ್ಟ್ ಬಿ’. ಒಂದೊಂದರ ಪಕ್ಕದಲ್ಲೂ ಅದು ಜಾರಿಯಾದ ದಿನಾಂಕ ಇರುತ್ತದೆ. ಎರಡನೆಯ ಸಾಲೇ ಇಲ್ಲದ ಕಾರ್ಡ್ ಇಟ್ಟುಕೊಂಡು ‘ನನಗೆ ಮೆಡಿಕೇರ್ ಇದೆ’ ಎಂದು ನಿಶ್ಚಿಂತೆಯಿಂದ ಇರುವವರು ಊರಿನಲ್ಲಿ ಇರಲು ಒಂದು ಕಾರಣವಿದೆ. ಅಮೆರಿಕದಲ್ಲಿದ್ದು ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ ಪಡೆಯುತ್ತಿರುವವರನ್ನು 65 ತುಂಬುವಾಗ ಎರಡೂ ಭಾಗಗಳಿಗೆ ತಾನಾಗಿಯೇ ಸೇರಿಸಲಾಗುತ್ತದೆ. ಹೊರದೇಶದಲ್ಲಿ ವಾಸವಿದ್ದರೆ ತಾನಾಗಿ ಬರುವುದು ಪಾರ್ಟ್ ಎ ಮಾತ್ರ. ಪಾರ್ಟ್ ಬಿ ಬೇಕೆಂದರೆ ಕೇಳಿಯೇ ಪಡೆಯಬೇಕು.

ಪಾರ್ಟ್ ಎ ಎಂದರೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಖರ್ಚು. 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷ ಸಂಬಳದ ಮೇಲೆ ಮೆಡಿಕೇರ್ ತೆರಿಗೆ ಕಟ್ಟಿದವರಿಗೂ, ಅವರ ಮೂಲಕ ಗಂಡ ಅಥವಾ ಹೆಂಡತಿಗೂ ಇದಕ್ಕೆ ಪ್ರೀಮಿಯಂ ಇಲ್ಲ. ಭಾರತದಲ್ಲಿ ದುಡಿದ ವರ್ಷಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಉಚಿತ ಪಾರ್ಟ್ ಎಗೆ 65ರ ನಂತರ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿಯ ದಿನದಿಂದ ಆರು ತಿಂಗಳ ಹಿಂದಿನವರೆಗೂ ಅದು ಅನ್ವಯವಾಗುತ್ತದೆ. ಅದರಲ್ಲಿ ತೊಂದರೆಯಿಲ್ಲ.

ತೊಂದರೆ ಇರುವುದು ಪಾರ್ಟ್ ಬಿಯಲ್ಲಿ. ವೈದ್ಯರ ಶುಲ್ಕ, ಹೊರರೋಗಿ ಚಿಕಿತ್ಸೆ, ಸ್ಕ್ಯಾನ್, ಆಂಬುಲೆನ್ಸ್, ಡೇ ಕೇರ್‌ನಲ್ಲಿ ಕೊಡುವ ಕಿಮೋಥೆರಪಿ ಎಲ್ಲವೂ ಇದರಡಿ ಬರುತ್ತವೆ. ಪ್ರೀಮಿಯಂ ಕಟ್ಟಬೇಕಾದದ್ದು ಇದಕ್ಕೆ. 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಹೀಗೆ ಏಳು ತಿಂಗಳ ಅವಧಿಯಲ್ಲಿ ಸೇರದಿದ್ದರೆ ದಂಡ ಶುರು.

ದಂಡದ ಲೆಕ್ಕ ಹಾಕಿ ನೋಡಿದರೆ

ತಡಮಾಡಿದ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇ 10 ಹೆಚ್ಚುವರಿ, ಅದೂ ಜೀವನಪರ್ಯಂತ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಲೆಕ್ಕ ಹಾಕಿದರೆ ಚಿತ್ರ ಸ್ವಲ್ಪ ಬೇರೆ.

2018ರ ಮಾರ್ಚ್‌ನಲ್ಲಿ 65 ತುಂಬಿದ ಒಬ್ಬರನ್ನು ತೆಗೆದುಕೊಳ್ಳೋಣ. ಅವರ ಮೊದಲ ಅವಧಿ ಆ ವರ್ಷದ ಜೂನ್‌ಗೆ ಮುಗಿಯಿತು. ಊರಲ್ಲೇ ಇದ್ದುದರಿಂದ ಸೇರಲಿಲ್ಲ. 2026ರ ಫೆಬ್ರುವರಿಯಲ್ಲಿ ಪಾರ್ಟ್ ಬಿಗೆ ಅರ್ಜಿ ಹಾಕಿದರೆ ಏಳು ಪೂರ್ಣ ವರ್ಷಗಳ ವಿಳಂಬ, ಅಂದರೆ ಶೇ 70 ದಂಡ. ತಿಂಗಳಿಗೆ 202.90ರ ಬದಲು ಸುಮಾರು 344.90 ಡಾಲರ್. ಹೆಚ್ಚುವರಿ 142 ಡಾಲರ್.

ಈಗ ಇನ್ನೊಂದು ಬದಿ ನೋಡಿ. ಅವರು 2018ರ ಜುಲೈನಿಂದ ಕಟ್ಟುತ್ತಾ ಬಂದಿದ್ದರೆ ಆ ವರ್ಷ ತಿಂಗಳಿಗೆ 134 ಡಾಲರ್, 2022ರಲ್ಲಿ 170.10, 2025ರಲ್ಲಿ 185, ಹೀಗೆ ಒಟ್ಟು ಸುಮಾರು 14,700 ಡಾಲರ್ ಕೊಟ್ಟಿರುತ್ತಿದ್ದರು. ಊರಲ್ಲಿದ್ದಷ್ಟು ಕಾಲ ಅದರಿಂದ ಒಂದು ರಕ್ತಪರೀಕ್ಷೆಯೂ ಆಗುತ್ತಿರಲಿಲ್ಲ. ಉಳಿದ ಆ ಹಣವನ್ನು ತಿಂಗಳಿಗೆ 142ರಂತೆ ದಂಡ ತಿಂದು ಮುಗಿಸಲು ಸುಮಾರು ಎಂಟೂವರೆ ವರ್ಷ ಬೇಕು. ಮೂಲ ಪ್ರೀಮಿಯಂ ಏರಿದಂತೆ ದಂಡವೂ ಏರುವುದರಿಂದ ಸ್ವಲ್ಪ ಮೊದಲೇ ಮುಗಿಯಬಹುದು. ಅಷ್ಟರಲ್ಲಿ ಅವರಿಗೆ ವಯಸ್ಸು 80 ದಾಟಿರುತ್ತದೆ. ಕೇವಲ ಹಣದ ಲೆಕ್ಕದಲ್ಲಿ, ಊರಲ್ಲಿ ದೀರ್ಘಕಾಲ ಇರುವವರು ಪಾರ್ಟ್ ಬಿ ಬಿಟ್ಟದ್ದು ಮೂರ್ಖತನವಲ್ಲ. ದಂಡದ ಭಯವೊಂದನ್ನೇ ಮುಂದಿಟ್ಟು ಎಲ್ಲರೂ ಕಟ್ಟಲೇಬೇಕು ಎನ್ನುವ ಸಲಹೆ ಅರ್ಧ ಸತ್ಯ.

ನಿಜವಾದ ಅಪಾಯ ಕ್ಯಾಲೆಂಡರಿನಲ್ಲಿದೆ

ಮೊದಲ ಅವಧಿ ತಪ್ಪಿಸಿಕೊಂಡವರಿಗೆ ಪಾರ್ಟ್ ಬಿ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ: ಜನವರಿ 1ರಿಂದ ಮಾರ್ಚ್ 31. ಅರ್ಜಿ ಹಾಕಿದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ವಿಮೆ ಜಾರಿ. 2023ಕ್ಕಿಂತ ಮೊದಲು ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಜನವರಿಯಲ್ಲಿ ಸೇರಿದರೂ ಜುಲೈವರೆಗೆ ಕಾಯಬೇಕಿತ್ತು. 2020ರ ಕೊನೆಯಲ್ಲಿ ಆದ ತಿದ್ದುಪಡಿ ಆ ಕಾಯುವಿಕೆಯನ್ನು ತೆಗೆಯಿತು, ಆದರೆ ಮೂರು ತಿಂಗಳ ಕಿಟಕಿಯನ್ನು ಹಾಗೆಯೇ ಬಿಟ್ಟಿತು.

ಮೇಲೆ ಹೇಳಿದ ವ್ಯಕ್ತಿಯೇ ಮಾರ್ಚ್ ದಾಟಿಸಿ, ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋದರು ಎಂದುಕೊಳ್ಳಿ. ಜೂನ್‌ನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಕೋಣೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಇವನ್ನು ಪಾರ್ಟ್ ಎ ನೋಡಿಕೊಳ್ಳುತ್ತದೆ. ಅವರ ಪಾಲು 2026ರಲ್ಲಿ 1,736 ಡಾಲರ್. ಆದರೆ ಮನೆಗೆ ಬಂದ ಆಂಬುಲೆನ್ಸ್, ಮೂಳೆ ಜೋಡಿಸಿದ ಸರ್ಜನ್, ಅರಿವಳಿಕೆ ಕೊಟ್ಟ ವೈದ್ಯರು, ಮನೆಗೆ ಬಂದ ಮೇಲೆ ವಾರಗಟ್ಟಲೆ ಹೋಗಬೇಕಾದ ಫಿಸಿಯೋಥೆರಪಿ, ಹಿಡಿದು ನಡೆಯುವ ವಾಕರ್ ಒಂದೂ ಪಾರ್ಟ್ ಎ ಅಡಿ ಬರುವುದಿಲ್ಲ. ಆ ಬಿಲ್ಲುಗಳು ಬೇರೆಬೇರೆಯಾಗಿ, ಬೇರೆಬೇರೆ ಲಕೋಟೆಗಳಲ್ಲಿ, ನೇರವಾಗಿ ಮನೆಗೆ ಬರುತ್ತವೆ. ಪಾರ್ಟ್ ಬಿಗೆ ಅರ್ಜಿ ಹಾಕಲು 2027ರ ಜನವರಿ ಬರಬೇಕು, ರಕ್ಷಣೆ ಶುರುವಾಗುವುದು ಫೆಬ್ರುವರಿ 1ಕ್ಕೆ. ಬಂದಿಳಿದ ದಿನದಿಂದ ಎಣಿಸಿದರೆ ಸುಮಾರು ಒಂಬತ್ತು ತಿಂಗಳು.

ಈ ನಡುವೆ ಬೇರೆ ವಿಮೆ ಕೊಳ್ಳಬಹುದಲ್ಲವೇ? ಅದೂ ಸುಲಭವಿಲ್ಲ. ಪಾರ್ಟ್ ಎ ಇದೆ ಎಂದು ಗೊತ್ತಿದ್ದೂ ಅಂಥವರಿಗೆ ಮಾರ್ಕೆಟ್‌ಪ್ಲೇಸ್ ವಿಮೆ (ಸರ್ಕಾರಿ ವೇದಿಕೆಯ ಮೂಲಕ ಸಿಗುವ ಖಾಸಗಿ ಆರೋಗ್ಯ ವಿಮೆ) ಮಾರುವುದು ಕಾನೂನಿಗೆ ವಿರುದ್ಧ. ಭಾರತದ ಅನೇಕ ಕಂಪನಿಗಳಲ್ಲಿ ಉದ್ಯೋಗಿಯ ವಿಮೆಗೆ ಅಪ್ಪ-ಅಮ್ಮನನ್ನು ಸೇರಿಸುವ ರೂಢಿ ಇರುವುದರಿಂದ, ಅಲ್ಲಿಯೂ ಮಗನ ಅಥವಾ ಮಗಳ ವಿಮೆ ಆದೀತು ಎಂದು ಹಲವರು ನಂಬಿರುತ್ತಾರೆ. ಅಮೆರಿಕದ ಕಂಪನಿ ವಿಮೆಗಳಲ್ಲಿ ಸಾಮಾನ್ಯವಾಗಿ ತಂದೆ-ತಾಯಿಗೆ ಜಾಗವಿಲ್ಲ.

ಹಾಗಾಗಿ ಎಷ್ಟು ದಂಡ ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಮರಳುತ್ತೇವೆ ಎನ್ನುವುದು ಮುಖ್ಯ. ಉಚಿತ ಪಾರ್ಟ್ ಎ ಅರ್ಹತೆ ಇರುವವರು ಹೊರದೇಶದಲ್ಲಿದ್ದೇ ಪಾರ್ಟ್ ಬಿಗೆ ಅರ್ಜಿ ಹಾಕಬಹುದು. ಜನವರಿಯಲ್ಲಿ ಮೈಸೂರಿನಿಂದಲೇ ಅರ್ಜಿ ಹೋದರೆ ಫೆಬ್ರುವರಿಗೆ ವಿಮೆ ಸಿದ್ಧ, ನಂತರ ವಿಮಾನ ಹತ್ತಬಹುದು. ಯೋಜಿಸಿ ಹೋಗುವವರಿಗೆ ಇದು ಸಾಕು. ಆದರೆ ಎಪ್ಪತ್ತೈದು-ಎಂಬತ್ತರ ವಯಸ್ಸಿನಲ್ಲಿ ಜನ ಯೋಜನೆ ಹಾಕಿಕೊಂಡು ಮರಳುವುದು ಕಡಿಮೆ. ಸಂಗಾತಿ ತೀರಿಕೊಂಡಾಗ, ಬಿದ್ದು ಏಟಾದಾಗ, ನೆನಪು ಮಸುಕಾಗತೊಡಗಿದಾಗ ಮಕ್ಕಳು ‘ಇನ್ನು ಒಬ್ಬರೇ ಇರುವುದು ಬೇಡ, ಹೊರಡಿ’ ಎನ್ನುತ್ತಾರೆ. ಅಂಥ ಕರೆ ಏಪ್ರಿಲ್‌ನಲ್ಲೂ ಬರಬಹುದು, ಆಗಸ್ಟ್‌ನಲ್ಲೂ ಬರಬಹುದು.

ದುಡಿದವರಿಗೆ ದಂಡ, ದುಡಿಯದವರಿಗೆ ವಿನಾಯಿತಿ

ನಿಯಮದ ಒಂದು ವಿಚಿತ್ರ ಮೂಲೆಯನ್ನು ಹೆಚ್ಚಿನವರು ಗಮನಿಸಿಲ್ಲ. 40 ಕ್ರೆಡಿಟ್ ಸ್ವಂತವಾಗಿಯೂ ಇಲ್ಲದ, ಸಂಗಾತಿಯ ಮೂಲಕವೂ ಸಿಗದವರು ಹೊರದೇಶದಲ್ಲಿ ಇರುವಾಗ ಪಾರ್ಟ್ ಬಿಗೆ ಅರ್ಹರೇ ಅಲ್ಲ. ಅಮೆರಿಕದಲ್ಲಿ ವಾಸವಿದ್ದರೆ ಮಾತ್ರ ಅವರಿಗೆ ಅರ್ಹತೆ. ಅರ್ಹತೆಯೇ ಇಲ್ಲದ ತಿಂಗಳುಗಳಿಗೆ ದಂಡ ಹಾಕಲು ಬರುವುದಿಲ್ಲ. ಮಕ್ಕಳ ಜೊತೆಗಿದ್ದು ಪೌರತ್ವ ಪಡೆದು, 65 ತುಂಬುವ ಮೊದಲೇ ಮತ್ತೆ ಊರಿಗೆ ಬಂದ ತಾಯಿಯೊಬ್ಬರು 78ರಲ್ಲಿ ಅಮೆರಿಕಕ್ಕೆ ವಾಪಸಾದರೆ, ಮರಳಿದ ತಿಂಗಳ ಸುತ್ತ ಅವರಿಗೆ ಹೊಸದಾಗಿ ನೋಂದಣಿ ಅವಧಿ ತೆರೆದುಕೊಳ್ಳುತ್ತದೆ, ದಂಡವಿಲ್ಲದೆ. ಮೂವತ್ತು ವರ್ಷ ತೆರಿಗೆ ಕಟ್ಟಿದ ಪಕ್ಕದ ಮನೆಯವರಿಗೆ ಅದೇ ಪ್ರಯಾಣದ ನಂತರ ದಂಡವೂ ಕಾಯುವಿಕೆಯೂ ಕಟ್ಟಿಟ್ಟದ್ದು.

ವಿನಾಯಿತಿ ಸಿಕ್ಕಿತೆಂದು ಖರ್ಚು ಕಡಿಮೆಯಲ್ಲ. ಅವರು ಪಾರ್ಟ್ ಎಯನ್ನೂ ದುಡ್ಡು ಕೊಟ್ಟು ಪಡೆಯಬೇಕು. 2026ರಲ್ಲಿ 30ಕ್ಕಿಂತ ಕಡಿಮೆ ಕ್ರೆಡಿಟ್ ಇದ್ದರೆ ತಿಂಗಳಿಗೆ 565 ಡಾಲರ್, 30ರಿಂದ 39 ಇದ್ದರೆ 311 ಡಾಲರ್. ಗ್ರೀನ್ ಕಾರ್ಡ್ ಮೇಲಿರುವ ತಂದೆ-ತಾಯಿಗೆ ಇನ್ನೊಂದು ಷರತ್ತು: ಅರ್ಜಿಗೆ ಹಿಂದಿನ ಐದು ವರ್ಷ ಅಲ್ಲಿ ನಿರಂತರವಾಗಿ ವಾಸಿಸಿರಬೇಕು. ದೀರ್ಘಕಾಲ ಊರಲ್ಲಿ ಉಳಿದರೆ ಆ ಎಣಿಕೆ ಮೊದಲಿನಿಂದ ಶುರುವಾಗಬಹುದು. ಮರುಪ್ರವೇಶ ಪರವಾನಗಿ ಇಲ್ಲದೆ ಒಂದು ವರ್ಷ ದಾಟಿದರೆ ಗ್ರೀನ್ ಕಾರ್ಡೇ ಅಪಾಯಕ್ಕೆ ಸಿಲುಕುತ್ತದೆ.

ಯಾರಿಗೆ ಮಧ್ಯದಲ್ಲಿ ಸೇರಲು ದಾರಿ ಇದೆ?

ತಾವು ಅಥವಾ ಸಂಗಾತಿ ಇನ್ನೂ ಉದ್ಯೋಗದಲ್ಲಿದ್ದು, ಆ ಉದ್ಯೋಗದ ಗುಂಪು ವಿಮೆ ಇದ್ದರೆ, ಕೆಲಸ ಅಥವಾ ವಿಮೆ ಮುಗಿದ ಮೇಲೆ ಎಂಟು ತಿಂಗಳು ದಂಡವಿಲ್ಲದೆ ಸೇರಬಹುದು. ಇಲ್ಲಿ ಮುಖ್ಯವಾದದ್ದು ‘ಇನ್ನೂ ಉದ್ಯೋಗ’. ನಿವೃತ್ತರಿಗೆ ಕಂಪನಿ ಕೊಡುವ ವಿಮೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಸ್ವಂತ ಹಣದಿಂದ ಕೊಂಡ ಪಾಲಿಸಿಯೂ ಆಗುವುದಿಲ್ಲ. ಅದು ಎಷ್ಟೇ ಒಳ್ಳೆಯದಿರಲಿ, ಮೆಡಿಕೇರ್ ಕಣ್ಣಿಗೆ ಲೆಕ್ಕವಿಲ್ಲ. ತೆರಿಗೆ ವಿನಾಯಿತಿ ಇರುವ ಸಂಸ್ಥೆಯ ಪರವಾಗಿ ಕನಿಷ್ಠ 12 ತಿಂಗಳು ಹೊರದೇಶದಲ್ಲಿ ಸ್ವಯಂಸೇವೆ ಮಾಡಿದವರಿಗೂ ಆರು ತಿಂಗಳ ಅವಕಾಶವಿದೆ.

2023ರಿಂದ ‘ಅಸಾಧಾರಣ ಸಂದರ್ಭ’ ಎಂಬ ಹೊಸ ವಿನಾಯಿತಿಗಳು ಬಂದಿವೆ. ಪ್ರಕೃತಿ ವಿಕೋಪ, ಉದ್ಯೋಗದಾತ ಅಥವಾ ವಿಮಾ ಯೋಜನೆ ಕೊಟ್ಟ ತಪ್ಪು ಮಾಹಿತಿ, ಜೈಲುವಾಸ ಮುಂತಾದವು ಅದರಲ್ಲಿವೆ. ಹೊರದೇಶದಲ್ಲಿದ್ದೆ, ನಿಯಮ ತಿಳಿದಿರಲಿಲ್ಲ ಎನ್ನುವುದು ಅದರಲ್ಲಿ ಸೇರಿಲ್ಲ.

ಔಷಧ ವಿಮೆಯಾದ ಪಾರ್ಟ್ ಡಿ ವಿಷಯದಲ್ಲಿ ಕಾನೂನು ಉದಾರವಾಗಿದೆ. ಹೊರದೇಶದಲ್ಲಿರುವವರು ಅದಕ್ಕೆ ಸೇರಲು ಸಾಧ್ಯವೇ ಇಲ್ಲದ್ದರಿಂದ ಆ ವರ್ಷಗಳಿಗೆ ದಂಡವಿಲ್ಲ. ಮರಳಿದ ತಿಂಗಳಿನ ನಂತರದ ಎರಡು ತಿಂಗಳೊಳಗೆ ಸೇರಿಕೊಂಡರೆ ಆಯಿತು. ಇದೇ ತರ್ಕವನ್ನು ಪಾರ್ಟ್ ಬಿಗೆ ಏಕೆ ಅನ್ವಯಿಸಬಾರದು ಎನ್ನುವುದೇ ಇಡೀ ವಾದದ ತಿರುಳು.

ಎರಡು ಕಡೆಯ ವಾದ

ನಿಯಮವನ್ನು ಸಮರ್ಥಿಸುವವರು ಹೇಳುವುದಿಷ್ಟು: ವಿಮೆ ನಿಲ್ಲುವುದು ಆರೋಗ್ಯವಂತರು ಕಟ್ಟುವ ಹಣದ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಕಾಯಿಲೆ ಬಿದ್ದ ಮೇಲೆ ಮಾತ್ರ ಎಲ್ಲರೂ ಸೇರಿದರೆ ಮೊದಲಿಂದ ಕಟ್ಟುತ್ತಾ ಬಂದವರ ಮೇಲೆ ಹೊರೆ ಬೀಳುತ್ತದೆ. ಪಾರ್ಟ್ ಬಿ ವೆಚ್ಚದಲ್ಲಿ ಸಾಮಾನ್ಯ ಪ್ರೀಮಿಯಂನಿಂದ ಬರುವುದು ನಾಲ್ಕನೇ ಒಂದು ಭಾಗದಷ್ಟು. ಉಳಿದದ್ದರಲ್ಲಿ ಬಹುಪಾಲು ಸರ್ಕಾರದ ಬೊಕ್ಕಸದಿಂದ. ಅಷ್ಟು ಸಹಾಯಧನ ಇರುವ ಯೋಜನೆಗೆ ಬೇಕೆಂದಾಗ ಬರುತ್ತೇನೆ ಎನ್ನಲಾಗದು.

ಹೊರದೇಶದಲ್ಲಿ ನೆಲೆಸಿದ ಅಮೆರಿಕನ್ನರ ವಾದ ಬೇರೆ. ಅಮೆರಿಕ ತನ್ನ ಪ್ರಜೆ ಎಲ್ಲಿದ್ದರೂ ಆದಾಯ ತೆರಿಗೆ ರಿಟರ್ನ್ ಕೇಳುತ್ತದೆ. ಆದರೆ 1965ರಲ್ಲಿ ಹುಟ್ಟಿದ ಮೆಡಿಕೇರ್, ಗಡಿಯಾಚೆ ಕೆನಡಾ-ಮೆಕ್ಸಿಕೋ ಪಕ್ಕದ ಕೆಲವು ತುರ್ತು ಸಂದರ್ಭಗಳನ್ನು ಬಿಟ್ಟರೆ, ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಸಿಗದ ಸೇವೆಗೆ ಹಣ ಕಟ್ಟಲಿಲ್ಲವೆಂದು ದಂಡ ಹಾಕುವುದು ಯಾವ ನ್ಯಾಯ? ಮೈಸೂರಿನಲ್ಲಿ ಚಿಕಿತ್ಸೆ ಪಡೆದ ಪ್ರತಿ ವರ್ಷವೂ ಅವರು ಆ ಬೊಕ್ಕಸಕ್ಕೆ ಹಣ ಉಳಿಸಿಕೊಟ್ಟಿದ್ದಾರೆ.

ದಂಡವನ್ನು ಉಳಿಸಿಕೊಳ್ಳಲು ಮೊದಲ ವಾದಕ್ಕೆ ಬಲವಿದೆ ಎಂದು ಒಪ್ಪಬಹುದು. ಆದರೆ ಮೂರು ತಿಂಗಳ ಕಿಟಕಿಗೆ ಆ ವಾದ ಸಾಲದು. ತಡವಾಗಿ ಸೇರುವವರಿಂದ ಹೆಚ್ಚು ಹಣ ಪಡೆಯುವುದು ಒಂದು. ಅವರು ಹಣ ಕೊಡಲು ಸಿದ್ಧರಿದ್ದರೂ ಒಂಬತ್ತು ತಿಂಗಳು ಹೊರಗೆ ನಿಲ್ಲಿಸುವುದು ಇನ್ನೊಂದು. ಔಷಧ ವಿಮೆಗೆ ಕೊಟ್ಟ ಎರಡು ತಿಂಗಳ ಅವಕಾಶವನ್ನು ದಂಡ ಸಮೇತವಾದರೂ ಪಾರ್ಟ್ ಬಿಗೆ ಕೊಟ್ಟರೆ ಯೋಜನೆಯ ಲೆಕ್ಕಾಚಾರ ಕೆಡುವಂಥದ್ದೇನೂ ಇಲ್ಲ.

ಸೈಟು ಮಾರಿದ ಎರಡು ವರ್ಷದ ನಂತರ

ಮರಳುವವರು ಸಾಮಾನ್ಯವಾಗಿ ಇಲ್ಲಿನ ಮನೆ ಅಥವಾ ಸೈಟು ಮಾರಿ ಹೋಗುತ್ತಾರೆ. ಪಾರ್ಟ್ ಬಿ ಪ್ರೀಮಿಯಂ ಎರಡು ವರ್ಷ ಹಿಂದಿನ ಆದಾಯವನ್ನೂ ನೋಡುತ್ತದೆ. 2026ರಲ್ಲಿ ಒಬ್ಬರ ಆದಾಯ 1,09,000 ಡಾಲರ್, ದಂಪತಿಯದಾದರೆ 2,18,000 ಡಾಲರ್ ಮೀರಿದರೆ ಹೆಚ್ಚುವರಿ ಕಟ್ಟಬೇಕು. ಬೆಂಗಳೂರಿನಲ್ಲಿ ದಶಕಗಳ ಹಿಂದೆ ಕೊಂಡ ಸೈಟಿನ ಲಾಭವೂ ಅಮೆರಿಕದ ರಿಟರ್ನ್‌ನಲ್ಲಿ ಸೇರುವುದರಿಂದ, ಆ ಒಂದು ವರ್ಷದ ಮಾರಾಟ ಎರಡು ವರ್ಷದ ನಂತರದ ಪ್ರೀಮಿಯಂ ಏರಿಸುತ್ತದೆ. ಸ್ವಇಚ್ಛೆಯಿಂದ ಮಾರಿದ ಆಸ್ತಿಗೆ ಇಲ್ಲಿ ರಿಯಾಯಿತಿ ಕೇಳಲು ಬರುವುದಿಲ್ಲ. ಏರಿಕೆ ಒಂದು ವರ್ಷದ್ದು ಮಾತ್ರ, ದಂಡದಂತೆ ಶಾಶ್ವತವಲ್ಲ.

ಪಾರ್ಟ್ ಬಿ ಇದ್ದೂ ರದ್ದು ಮಾಡುವ ಮುನ್ನ

ಈಗಾಗಲೇ ಪಾರ್ಟ್ ಬಿ ಇದ್ದು, ಊರಿಗೆ ಬಂದ ಮೇಲೆ ಬಿಡೋಣ ಎನ್ನುವವರು ಇನ್ನೊಂದು ಸಂಗತಿ ತೂಗಬೇಕು. ವರ್ಷದ ಮೊದಲ 283 ಡಾಲರ್ (2026ರ ಮೊತ್ತ) ರೋಗಿಯದೇ, ಅದನ್ನು ಕಳೆದು ಉಳಿದದ್ದರ ಶೇ 80 ಮಾತ್ರ ಪಾರ್ಟ್ ಬಿ ಕೊಡುತ್ತದೆ. ಬಾಕಿ ಶೇ 20ಕ್ಕೆ ಮಿತಿಯೇ ಇಲ್ಲ. ಅದನ್ನು ತುಂಬಲು ಜನ ಮೆಡಿಗ್ಯಾಪ್ ಎಂಬ ಖಾಸಗಿ ಪೂರಕ ವಿಮೆ ಕೊಳ್ಳುತ್ತಾರೆ. 65ರ ನಂತರ ಮೊದಲ ಬಾರಿ ಪಾರ್ಟ್ ಬಿ ಸೇರಿದಾಗಿನಿಂದ ಆರು ತಿಂಗಳು, ಸಕ್ಕರೆ ಕಾಯಿಲೆಯಿರಲಿ ಹೃದಯದ ತೊಂದರೆಯಿರಲಿ, ಕಂಪನಿಗಳು ಮೆಡಿಗ್ಯಾಪ್ ನಿರಾಕರಿಸುವಂತಿಲ್ಲ. ಈ ಆರು ತಿಂಗಳು ಸಿಗುವುದು ಒಮ್ಮೆ. ಬಿಟ್ಟು ಮತ್ತೆ ಸೇರಿದವರಿಗೆ ಬಹುತೇಕ ರಾಜ್ಯಗಳಲ್ಲಿ ಆ ಭರವಸೆ ಮರಳಿ ಬರುವುದಿಲ್ಲ. 65ರಲ್ಲಿ ಸೇರದೇ ಇದ್ದು 73ರಲ್ಲಿ ಮೊದಲ ಬಾರಿ ಸೇರಿದವರಿಗೆ ದಂಡ ಇದ್ದರೂ ಈ ಭರವಸೆ ಪೂರ್ತಿಯಾಗಿ ಸಿಗುತ್ತದೆ.

ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ ಎಂದು ಓಡಾಡುವವರು ಪಾರ್ಟ್ ಬಿ ಬಿಡದಿರುವುದೇ ಒಳ್ಳೆಯದು. ಸಿ, ಡಿ, ಎಫ್, ಜಿ, ಎಂ, ಎನ್ ಎಂಬ ಮೆಡಿಗ್ಯಾಪ್ ಯೋಜನೆಗಳು ಪ್ರವಾಸದ ಮೊದಲ 60 ದಿನದ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ 80 ಕೊಡುತ್ತವೆ, ಜೀವಮಾನದ ಮಿತಿ 50,000 ಡಾಲರ್. ಶಾಶ್ವತವಾಗಿ ಊರಲ್ಲೇ ಎಂದು ನಿರ್ಧರಿಸಿದವರು, ಉಳಿಸಿದ ಪ್ರೀಮಿಯಂ ಅನ್ನು ಇಲ್ಲಿನ ವಿಮೆಗೆ ತಿರುಗಿಸುವುದು ಸರಿ. 2024ರ ಏಪ್ರಿಲ್‌ನಿಂದ 65ರ ವಯೋಮಿತಿಯ ಅಡ್ಡಿ ತೆಗೆಯಲಾಗಿದೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು, ಆದ್ದರಿಂದ ಬಂದ ಕೂಡಲೇ ಕೊಳ್ಳಬೇಕು.

ಈಗಾಗಲೇ ಕಿಟಕಿಯ ಹೊರಗೆ ಸಿಕ್ಕಿಕೊಂಡು ಅಮೆರಿಕದಲ್ಲಿರುವವರಿಗೆ, ಆದಾಯ ಕಡಿಮೆಯಿದ್ದರೆ, ಒಂದು ದಾರಿ ಉಳಿದಿದೆ. ರಾಜ್ಯ ಸರ್ಕಾರಗಳು ನಡೆಸುವ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂಗೆ ಆಯ್ಕೆಯಾದವರ ಪಾರ್ಟ್ ಬಿ ಪ್ರೀಮಿಯಂ ಅನ್ನು ರಾಜ್ಯವೇ ಕಟ್ಟುತ್ತದೆ. ಅವರಿಗೆ ಜನವರಿ-ಮಾರ್ಚ್ ನಿರ್ಬಂಧವಿಲ್ಲ, ತಡವಾದುದಕ್ಕೆ ದಂಡವೂ ಇಲ್ಲ. ಅರ್ಜಿ ಕೊಡಬೇಕಾದದ್ದು ಸೋಷಿಯಲ್ ಸೆಕ್ಯೂರಿಟಿ ಕಚೇರಿಗಲ್ಲ, ಕಡಿಮೆ ಆದಾಯದವರ ಸರ್ಕಾರಿ ವಿಮೆಯಾದ ಮೆಡಿಕೈಡ್ ನೋಡಿಕೊಳ್ಳುವ ಆಯಾ ರಾಜ್ಯದ ಕಚೇರಿಗೆ. ಭರ್ತಿ ಮಾಡಲು ನೆರವು ಬೇಕಿದ್ದರೆ, ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಹೆಸರಿನ ಸರ್ಕಾರಿ ಸಲಹಾ ಸೇವೆ ಉಚಿತವಾಗಿ ಸಿಗುತ್ತದೆ.